ಮಜ್ಜಿಗಿಯವರು ಹೆಚ್ಚಾದ ಬಗೆ

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ನನ್ನ ಸೋದರತ್ತೆ, ನಮ್ಮಪ್ಪನ ಅಕ್ಕ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ನಮ್ಮ ಮನೆಯ ಒಲೆ, ದನ, ದೇವರು, ಮಾತು ಈ ನಾಲ್ಕನ್ನೂ ಆಕೆಯೇ ನೋಡಿಕೊಳ್ಳುತ್ತಿದ್ದಳು. ಆಕೆ ಹೇಳಿದ್ದು ಕಥೆಯ ಹಿಂದಿನ ಅರ್ಧ. ಮುಂದಿನ ಅರ್ಧ ನನ್ನ ಕಣ್ಣೆದುರಿಗೇ ನಡೆಯಿತು. ಮನುಷ್ಯರಿಗೆ ಅಡ್ಡಹೆಸರು ಎಂಬುದು ಇರುವವರೆಗೆ ಇಂಥವು ನಡೆಯುತ್ತಲೇ ಇರುತ್ತವೆ ಎಂದು ನನಗೆ ಈಗ ನಂಬಿಕೆಯಾಗಿದೆ.

ನಮ್ಮ ಅಡ್ಡಹೆಸರು ಮಜ್ಜಿಗಿ. ಅತ್ತೆಯ ಪ್ರಕಾರ ಅದು ಬಂದದ್ದು ಹೀಗೆ. ವಾಗದರಿಯ ಹಾದಿಯಿಂದ ನಮ್ಮೂರಿಗೆ ಬಂದರೆ ಮೊದಲು ಸಿಗುವುದು ನನ್ನ ಮುತ್ತಜ್ಜನ ಮನೆ. ಬಿಸಿಲಿನಲ್ಲಿ ನಡೆದು ಬಂದವರು ಯಾರೇ ಇರಲಿ, ಯಾರು ಎತ್ತ ಎಂದು ಕೇಳದೆ ಆತ ಒಂದು ತಂಬಿಗೆ ಮಜ್ಜಿಗೆ ಕೊಡುತ್ತಿದ್ದ. ಹೆಚ್ಚು ಮಂದಿ ಬಂದ ದಿನ ಹೆಚ್ಚು ನೀರು ಬೆರೆಸುತ್ತಿದ್ದ. ಇಲ್ಲ ಎಂದು ಮಾತ್ರ ಅನ್ನುತ್ತಿರಲಿಲ್ಲ. ಜನ 'ಮಜ್ಜಿಗಿ ಮನಿ' ಅಂದರು. ಬರಬರುತ್ತ 'ಮನಿ' ಕಳಚಿ ಮಜ್ಜಿಗಿ ಉಳಿಯಿತು.

ಅತ್ತೆ ಇಷ್ಟಕ್ಕೆ ನಿಲ್ಲಿಸಿದ್ದರೆ ಮುಂದಿನ ತೊಂದರೆ ಬರುತ್ತಿರಲಿಲ್ಲ. ಆದರೆ ಆಕೆ ನಿಲ್ಲಿಸುತ್ತಿರಲಿಲ್ಲ. ಮುತ್ತಜ್ಜನಿಗೆ ಒಬ್ಬ ಅಣ್ಣ ಇದ್ದನಂತೆ. ತಮ್ಮನು ಹಾಲೆಲ್ಲ ಹಾದಿಹೋಕರಿಗೆ ಸುರಿಯುತ್ತಾನೆಂದು ಸಿಟ್ಟಾಗಿ, ಮನೆಯ ಒಳ್ಳೆಯ ಎಮ್ಮೆಯನ್ನು ಹೊಡೆದುಕೊಂಡು ಪಡುವಣಕ್ಕೆ ಹೋದವನು ತಿರುಗಿ ಬರಲಿಲ್ಲವಂತೆ.

"ಯಾವ ಊರಿಗೆ ಹೋದ ಅತ್ತಿ?" ಎಂದರೆ ಒಂದು ಸಲ ಬಾರ್ಸಿ ಅನ್ನುವಳು, ಒಂದು ಸಲ ಪಂಢರಪುರ ಅನ್ನುವಳು. ಎಮ್ಮೆ ಮಾತ್ರ ಎಂದೂ ಬದಲಾಗಲಿಲ್ಲ. ಹಣೆಯ ಮೇಲೆ ಬಿಳಿ ಚುಕ್ಕೆ, ಎಡಗೊಂಬು ಒಳಕ್ಕೆ ಬಾಗಿದ್ದು.

೧. ಒಂಟಿ ಮನೆ

ಆಗ ಮಜ್ಜಿಗಿ ಎಂದರೆ ಸುತ್ತಿನ ಹತ್ತು ಹಳ್ಳಿಗೆ ನಮ್ಮದೊಂದೇ ಮನೆ. ಪಾಟೀಲರ ಮನೆಗಳು ಊರೂರಿಗೆ ಇದ್ದವು, ಬಿರಾದಾರರೂ ಇದ್ದರು. ಮಜ್ಜಿಗಿ ಒಂದೇ.

ಇದರಿಂದ ಒಂದು ಅನುಕೂಲವಿತ್ತು. ಒಮ್ಮೆ ಯಾತ್ರೆಗೆ ಹೋದ ನನ್ನ ಗೆಳೆಯನೊಬ್ಬ ಅವಸರದಲ್ಲಿ ಕಾರ್ಡಿನ ಮೇಲೆ 'ಮಜ್ಜಿಗಿ, ಅಕ್ಕಲಕೋಟ' ಎಂದು, ಊರು ಬಿಟ್ಟು ತಾಲೂಕಿನ ಹೆಸರಷ್ಟೇ ಬರೆದು ಹಾಕಿದ್ದ. ಅದು ನಾಲ್ಕನೆಯ ದಿನಕ್ಕೆ ನನ್ನ ಕೈಗೆ ಬಂತು. ಅದೇ ಗೆಳೆಯ, ತಪ್ಪಾಯಿತೆಂದು, ಎರಡನೆಯ ಕಾರ್ಡಿಗೆ ಊರು, ಓಣಿ, ತಂದೆಯ ಹೆಸರು ಎಲ್ಲ ಸೇರಿಸಿ ಚಂದಾಗಿ ಬರೆದ. ಅದು ಬರಲು ಹನ್ನೆರಡು ದಿನ ಹಿಡಿಯಿತು.

ಟಪಾಲಿನವನನ್ನು ಕೇಳಿದೆ. ಅವನು ಹೇಳಿದ, "ಊರ ಹೆಸರ ಬರದ್ರ ಕಚೇರ್ಯಾಗ ಆ ಹೆಸರಿನ ಊರ ಎಷ್ಟದಾವ ಅಂತ ಹುಡಕತಾರ್ರಿ. ಬರೀಲಿಲ್ಲಂದ್ರ 'ಇದು ಆ ಮಜ್ಜಿಗಿದು' ಅಂತ ಸೀದಾ ನನ್ನ ಚೀಲಕ್ಕ ಒಗೀತಾರ. ನಿಮ್ಮ ಗೆಳ್ಯಾರಿಗೆ ಹೇಳ್ರಿ, ವಿಳಾಸ ಬರದು ಯಾಕ ತಡಾ ಮಾಡತಾರ?"

ನಾನು ನಕ್ಕೆ. ಅತ್ತೆ ನಗಲಿಲ್ಲ. ನನಗೆ ಶಿವ ಕೊಟ್ಟದ್ದು ಒಬ್ಬಳೇ ಮಗಳು. ನನ್ನ ತಮ್ಮ ಲಗ್ನವೇ ಬೇಡವೆಂದು ಕುಳಿತಿದ್ದ. ಮಗಳು ನಾಳೆ ಗಂಡನ ಮನೆಯ ಹೆಸರಿಗೆ ಹೋಗುವವಳು. ಆಮೇಲೆ ಮಜ್ಜಿಗಿ ಅನ್ನಿಸಿಕೊಳ್ಳುವವರು ಯಾರು?

"ಗಡಿಗಿ ತಳಾ ಕಾಣಾಕತ್ತೈತಪಾ," ಎಂದು ಆಕೆ ದಿನಾಲೂ ದೇವರ ಮುಂದೆ ದೀಪ ಹಚ್ಚುವಾಗ, ದೇವರಿಗೆ ಕೇಳುವ ಹಾಗೆ, ನನಗೂ ಕೇಳುವ ಹಾಗೆ ಅನ್ನುತ್ತಿದ್ದಳು.

೨. ನಮಗೂ ಅದನ್ನ ಬರೀರಿ

ನಮ್ಮೂರಿಗೆ ಹೊಸ ಮಾಸ್ತರರು ಬಂದರು. ಮರಾಠಿ ಮಾತಿನವರು, ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಆಡಲಿಕ್ಕೆ ತಡವರಿಸುತ್ತಿದ್ದರು. ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಹೊಸ ಹಜೇರಿ ಪುಸ್ತಕ ಬಿಚ್ಚಿ ಕುಳಿತು, ಸಾಲೆಗೆ ಬರುವ ಮಕ್ಕಳ ಹೆಸರು ಬರೆಸಿರಿ ಎಂದರು. ಅದರಲ್ಲಿ ಅಡ್ಡಹೆಸರಿಗೆ ಬೇರೆ ಒಂದು ಸಾಲೇ ಇತ್ತು. ಅದು ಖಾಲಿ ಬಿಡಲು ಬರುವುದಿಲ್ಲವಂತೆ.

ನಾನು ಆ ಕಟ್ಟೆಯ ಮೇಲೆಯೇ ನಾಲ್ಕು ಅಕ್ಷರ ಕಲಿತವನು. ಒಬ್ಬಳೇ ಮಗಳು, ಆಕೆಯೂ ಕಲಿಯಲಿ ಎಂದು ಮೊದಲು ಅವಳ ಹೆಸರು ಬರೆಸಿದೆ. ಅಡ್ಡಹೆಸರು ಮಜ್ಜಿಗಿ. ಮಾಸ್ತರರು ಬರೆದುಕೊಂಡರು.

ನನ್ನ ಹಿಂದೆ ನಿಂತವನು ಪಕ್ಕದ ಮನೆಯ ರೈತ. ಮಾಸ್ತರರು ಕೇಳಿದರು, "ಆಡನಾಂವ?"

"ಹಂಗಂದ್ರ?"

"ಮನೀ ಹೆಸರು. ಮಂದಿ ನಿಮ್ಮನ್ನ ಏನಂತಾರ?"

"ಕುಂಟೆತ್ತಿನವರು ಅಂತಾರ್ರಿ. ಅದನ್ನ ಬರೀಬ್ಯಾಡ್ರಿ, ಎತ್ತ ಸತ್ತ ಹೋಗೈತಿ." ಅವನು ಪುಸ್ತಕದೊಳಗೆ ಇಣುಕಿದ. "ಇವರಿಗೇನ ಬರದೀರಿ?"

"ಮಜ್ಜಿಗಿ."

"ನಮಗೂ ಅದನ್ನ ಬರೀರಿ."

ಮೂರನೆಯವನು ಇದನ್ನು ಕೇಳಿಸಿಕೊಂಡಿದ್ದ. ನಮ್ಮ ಜನರ ರೀತಿ ನಿಮಗೆ ಗೊತ್ತಿದೆ. ಪಂಕ್ತಿಯಲ್ಲಿ ಕುಳಿತಾಗ ಪಕ್ಕದವನ ಎಲೆಗೆ ಬಿದ್ದದ್ದು ತನ್ನ ಎಲೆಗೂ ಬೀಳಬೇಕು, ಅದು ಏನೆಂದು ಆಮೇಲೆ ನೋಡಿದರಾಯಿತು. ಅವನು ಮುಂದೆ ಬಂದು ಗಟ್ಟಿಯಾಗಿ ಹೇಳಿದ, "ಹೆಣ್ಣ ಹುಡಿಗೀಗೆ ಹಾಕೀರಿ. ನಮ್ಮ ಗಂಡ ಹುಡಗಗ ಕಡಿಮಿ ಮಾಡಬ್ಯಾಡ್ರಿ ಮಾಸ್ತರ, ನೋಡ್ರಿ ಮತ್ತ."

ಮಾಸ್ತರರು ಪಾಪ, ಊರಿಗೆ ಹೊಸಬರು. ಎಲ್ಲರೂ ಒಂದೇ ಮನೆತನದವರು ಇರಬೇಕೆಂದು ತಿಳಿದು ಬರೆಯುತ್ತಾ ಹೋದರು. ಮಧ್ಯಾಹ್ನದ ಹೊತ್ತಿಗೆ ನಮ್ಮೂರಲ್ಲಿ ನಮ್ಮದಲ್ಲದೆ ಇನ್ನೂ ಹನ್ನೊಂದು ಮನೆ ಮಜ್ಜಿಗಿಯವರಾದರು.

ಎಲ್ಲರಿಗಿಂತ ಕೊನೆಗೆ ಬಂದವರು ಊರ ಪಾಟೀಲರು. ಅವರ ಮೊಮ್ಮಗನಿಗೆ ಕೇಳುವ ಮೊದಲೇ ಮಾಸ್ತರರು 'ಪಾಟೀಲ' ಎಂದು ಬರೆದಿದ್ದರು. ಪಾಟೀಲರು ಪುಸ್ತಕ ಎಳೆದುಕೊಂಡು, ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ನೋಡಿ, ಮುಖ ಸಣ್ಣದು ಮಾಡಿಕೊಂಡರು.

"ಊರಾಗಿನ ಎಲ್ಲಾರಿಗೂ ಮಜ್ಜಿಗಿ ಕೊಟ್ಟೀರಿ. ನನಗೊಬ್ಬಂವಗ ಪಾಟೀಲ. ನಾ ಏನ ತಪ್ಪ ಮಾಡೀನ್ರಿ ಮಾಸ್ತರ?"

೩. ಗಿರಣಿಯ ಒಂಬತ್ತು ಮಂದಿ

ಅದೇ ಸುಮಾರಿಗೆ ನನ್ನ ತಮ್ಮ ಸೋಲಾಪುರಕ್ಕೆ ಹೋಗಿ ಬಟ್ಟೆಯ ಗಿರಣಿ ಸೇರಿದ. ಕೆಲಸಕ್ಕೆ ಗಟ್ಟಿ, ಮಾತಿಗೆ ಕಡಿಮೆ. ಆಳು ಹಚ್ಚುವ ಮುಕಾದಮನಿಗೆ ಅವನ ಮೇಲೆ ವಿಶ್ವಾಸ ಬಂತು. ಆಗಿನ ಪದ್ಧತಿ ಏನೆಂದರೆ, ಮುಕಾದಮ ಗುರುತಿಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ. "ಜಾಗಾ ಅದಾವ. ನಿಮ್ಮ ಅಣ್ಣತಮ್ಮರು ಇದ್ರ ಕರಕೊಂಡ ಬಾ," ಎಂದ.

ಅಣ್ಣತಮ್ಮರು ಅಂದರೆ ಇರುವವನು ನಾನೊಬ್ಬ. ನಾನು ಹೊಲ ಬಿಟ್ಟು ಬರುವವನಲ್ಲ. ಆದರೆ ನನ್ನ ತಮ್ಮ ಮಜ್ಜಿಗಿ ಮನೆಯಲ್ಲಿ ಹುಟ್ಟಿದವನು. ಬಾಗಿಲಲ್ಲಿ ನಿಂತವರಿಗೆ ಇಲ್ಲ ಅನ್ನಲು ಅವನಿಗೆ ಬರುತ್ತಿರಲಿಲ್ಲ. ಗಿರಣಿಯ ಬಾಗಿಲಲ್ಲಿ ಕೆಲಸಕ್ಕೆ ಕಾದು ನಿಂತವರು ಯಾರು ಕೇಳಿಕೊಂಡರೂ "ನನ್ನ ಕಾಕಾನ ಮಗ," "ನನ್ನ ದೊಡ್ಡಪ್ಪನ ಮಗ" ಎಂದು ಒಳಗೆ ಸೇರಿಸಿದ. ಅವರಲ್ಲಿ ಒಬ್ಬ ಮಂಗಳವೇಢೆಯ ಕಡೆಯವನು, ಹೆಂಡತಿ ಮಗನನ್ನು ಹಳ್ಳಿಯಲ್ಲಿ ಬಿಟ್ಟು ಬಂದವನು. ನಾಲ್ಕು ದಿನದಿಂದ ನಿಂತೇ ಇದ್ದನಂತೆ. ಎರಡು ವರ್ಷದಲ್ಲಿ ಗಿರಣಿಯ ಹಾಜರಿ ಮಸ್ಟರಿನಲ್ಲಿ ಒಂಬತ್ತು ಮಂದಿ ಮಜ್ಜಿಗಿಯವರಾದರು. ಎಲ್ಲರೂ ಸಾಲುಮನೆಗಳ ಒಂದೇ ಚಾಳಿನಲ್ಲಿ ಖೋಲಿ ಹಿಡಿದರು.

ಹೀಗಿರುವಾಗ ನಮ್ಮ ಹಡೆದವ್ವ ಲಿಂಗದೊಳಗಾದಳು. ತಮ್ಮನಿಗೆ ಸುದ್ದಿ ಕಳಿಸಿದೆ. ಅವನು ರಜೆ ಕೇಳಲು ಹೋದರೆ ಗಿರಣಿಯ ಕಾರಕೂನ ಮಸ್ಟರು ತೆಗೆದು ನೋಡಿದ. ಬಹಳ ದಿನದಿಂದ ಅವನಿಗೆ ಸಂಶಯವಿತ್ತು.

"ಒಂಬತ್ತ ಮಂದೀನೂ ಒಂದ ಮನಿಯವರು ಅಂತ ಬರಿಸೀರಿ, ಹೌದಿಲ್ಲೋ?"

"ಹೌದ್ರಿ."

"ಹಂಗಾರ ಒಂಬತ್ತೂ ಮಂದಿ ಮಣ್ಣಿಗೆ ಹೋಗ್ರಿ. ಯಾವ ಮಜ್ಜಿಗಿ ಹೋಗೂದಿಲ್ಲೋ ಅಂವ ಸುಳ್ಳ ಮಜ್ಜಿಗಿ. ಅವನ ಹೆಸರ ಹೊಡದ ಹಾಕತೀನಿ."

ಮರುದಿನ ಒಂಬತ್ತು ಜನ ದುಧನಿ ಸ್ಟೇಶನ್ನಿನಲ್ಲಿ ಇಳಿದು, ಸಾಲಾಗಿ ನಡೆದು ನಮ್ಮ ಅಂಗಳಕ್ಕೆ ಬಂದರು. ತಮ್ಮನನ್ನು ಬಿಟ್ಟರೆ ಉಳಿದ ಎಂಟು ಮಂದಿಯನ್ನು ನಾನು ಆವರೆಗೆ ಕಂಡಿರಲಿಲ್ಲ. ಅವರಲ್ಲೊಬ್ಬ ನನ್ನ ಹತ್ತಿರ ಬಂದು, ಟೋಪಿ ಕೈಯಲ್ಲಿ ಹಿಡಿದು, ಬಹಳ ಮೆಲ್ಲಗೆ ಕೇಳಿದ, "ಯಜಮಾನ್ರ, ತೀರಿಕೊಂಡವರು ಗಂಡಸರೋ, ಹೆಂಗಸರೋ?"

ನನ್ನ ದುಃಖದಲ್ಲಿಯೂ ನನಗೆ ಆ ಮನುಷ್ಯನ ಮೇಲೆ ಕನಿಕರ ಬಂತು.

ಆದರೆ ಮಣ್ಣು ಕೊಡುವ ಹೊತ್ತಿಗೆ ಆ ಮಂಗಳವೇಢೆಯ ಕಡೆಯವನು ಒಂದು ಹಿಡಿ ಮಣ್ಣು ಎತ್ತಿಕೊಂಡವನು, ಅದನ್ನು ಬಿಡಲಾರದೆ, "ಯವ್ವಾ" ಎಂದು ಕುಸಿದು ಕುಳಿತ. ಹೊಟ್ಟೆಯಲ್ಲಿ ಹುಟ್ಟಿದ ನಾವಿಬ್ಬರೂ ಹಾಗೆ ಅತ್ತಿರಲಿಲ್ಲ. ಅತ್ತೆ ಹೋಗಿ ಅವನ ತಲೆಯನ್ನು ತನ್ನ ಹೆಗಲಿಗೆ ಹಚ್ಚಿಕೊಂಡಳು.

"ಯಾ ಊರಪಾ ನಿಂದು?"

"ಮಂಗಳವೇಢೆ ಕಡೇವ್ನರಿ."

ಅತ್ತೆ ತಲೆಯೆತ್ತಿ ನನ್ನನ್ನು ನೋಡಿದಳು. "ಕೇಳಿದ್ಯಾ? ನಮ್ಮ ರಕ್ತಲ್ಲದ ಹಿಂಗ ಅಳೂದಿಲ್ಲ." ಅಂದಿನಿಂದ ಆ ಕಳೆದುಹೋದ ಅಣ್ಣ ಎಮ್ಮೆ ಹೊಡೆದುಕೊಂಡು ಹೋದದ್ದು ಮಂಗಳವೇಢೆಗೇ ಎಂದು ನಿಶ್ಚಯವಾಯಿತು.

ಅಂದು ಅತ್ತೆ ಅವನನ್ನು ತನ್ನ ಪಕ್ಕದಲ್ಲಿ ಕೂಡಿಸಿಕೊಂಡು, ಮೊದಲು ಅವನ ತಾಟಿಗೆ ರೊಟ್ಟಿ ಹಾಕಿ, ಬೆಣ್ಣೆಯಿಟ್ಟು, ಬೆನ್ನು ಸವರುತ್ತ ಉಣ್ಣಿಸಿದಳು. ಅದನ್ನು ನೋಡಿದ್ದೇ ತಡ, ಉಳಿದ ಏಳು ಮಂದಿಯೂ ಊಟದ ನಡುವೆ ಅಳಲು ಸುರು ಮಾಡಿದರು.

೪. ಸ್ವಲ್ಪ ತಡೆಯುವುದಾದರೆ

ಆ ಮಂಗಳವೇಢೆಯ ಗೃಹಸ್ಥ ಅಂದಿನಿಂದ ಪ್ರತಿ ವರ್ಷ ನಮ್ಮವ್ವನ ಪುಣ್ಯತಿಥಿಗೆ ತಪ್ಪದೆ ಬರುತ್ತಿದ್ದ. ಕಾರಕೂನನ ಹೆದರಿಕೆ ಮುಗಿದಿತ್ತು, ಆದರೂ ಬರುತ್ತಿದ್ದ. ಮುಂದೆ ಹೆಂಡತಿ ಮಗನನ್ನೂ ಸೋಲಾಪುರಕ್ಕೆ ತಂದುಕೊಂಡ. ಮಗ ಏಳನೆಯ ಇಯತ್ತೆ ಮುಗಿಸಿ ಅದೇ ಗಿರಣಿಯ ಮಗ್ಗದ ಖಾತೆಗೆ ಸೇರಿದ. ತಂದೆಯ ಜೊತೆಗೆ ಎರಡು ಸಲ ನಮ್ಮ ಮನೆಗೆ ಬಂದಿದ್ದ. ನನ್ನ ಮಗಳು ಆಗ ದೊಡ್ಡವಳಾಗಿದ್ದಳು. ಎರಡನೆಯ ಸಲ ಆ ಹುಡುಗ ಹೊರಟು ನಿಂತಾಗ ಆಕೆ ನೀರಿಗೆ ಹೋಗಲು ತುಂಬಿದ ಕೊಡ ಎತ್ತಿಕೊಂಡಳು. ಇದನ್ನು ನಾನು ನೋಡಿಯೂ ನೋಡದವನಂತೆ ವಿಭೂತಿ ಹಚ್ಚಿಕೊಳ್ಳುತ್ತ ಕುಳಿತಿದ್ದೆ.

ಕೆಲವು ದಿನದ ಮೇಲೆ ಆ ಗೃಹಸ್ಥ ಒಂದು ಕಾರ್ಡು ಬರೆದ. 'ನಿಮ್ಮ ಮಗಳನ್ನು ನಮ್ಮ ಮಗನಿಗೆ ತಂದುಕೊಳ್ಳಬೇಕೆಂದು ಮನಸ್ಸಾಗಿದೆ. ತಮ್ಮ ಅಭಿಪ್ರಾಯ ತಿಳಿಸಬೇಕು.' ಹಳೆಯ ರೂಢಿಯಂತೆ ಮೇಲೆ 'ಮಜ್ಜಿಗಿಯವರಿಗೆ' ಎಂದು ಬರೆದು ಊರ ಹೆಸರು ಹಾಕಿ ಬಿಟ್ಟ.

ಆದರೆ ಕಾಲ ಬದಲಾಗಿತ್ತು. ಊರಲ್ಲಿ ಈಗ ಮಜ್ಜಿಗಿಯವರು ಹನ್ನೆರಡು ಮನೆ. ಟಪಾಲಿನವನು ಮೊದಲು ಕಂಡ ಮಜ್ಜಿಗಿಯ ಕೈಗೆ ಕಾರ್ಡು ಕೊಟ್ಟು ನಡೆದ. ಆತ ಆ ಸತ್ತ ಕುಂಟೆತ್ತಿನ ಮಾಲೀಕ. ಅವನಿಗೂ ಒಂದು ಹೆಣ್ಣು ಕೂಸಿತ್ತು. ಅವನು ಕಾರ್ಡನ್ನು ಮಾಸ್ತರರಿಂದ ಓದಿಸಿದ. ಹೆಂಡತಿಯೊಡನೆ ವಿಚಾರ ಮಾಡಿದ. ಸಭ್ಯ ಮನುಷ್ಯ, ಉತ್ತರ ಬರೆಸಿ ಹಾಕಿದ.

ಎಂಟು ದಿನದ ಮೇಲೆ ಮಂಗಳವೇಢೆಯ ಗೃಹಸ್ಥ ಗಾಬರಿಯಾಗಿ ತಾನೇ ಬಂದ. ಕೈಯಲ್ಲಿ ಕಾರ್ಡು.

"ಅಣ್ಣಾರ, ನಿಮ್ಮ ಮಗಳು ಹ್ವಾದ ಸಲ ತಲೀ ಮ್ಯಾಲ ಕೊಡಾ ಹೊತ್ತಿದ್ದನ್ನ ನಾನು ಈ ಕಣ್ಣಲೆ ನೋಡೀನಿ. ಇದನ್ಯಾಕ ಹಿಂಗ ಬರದೀರಿ?"

ನಾನು ಕಾರ್ಡು ಓದಿದೆ. 'ತಮ್ಮ ಪತ್ರ ಮುಟ್ಟಿ ಸಂತೋಷವಾಯಿತು. ನಮ್ಮ ಮಗಳಿಗೆ ಈಗ ಎರಡು ವರ್ಷ. ಇನ್ನೂ ಮಾತು ಸರಿಯಾಗಿ ಬರುವುದಿಲ್ಲ. ಹುಡುಗ ಸ್ವಲ್ಪ ತಡೆಯುವುದಾದರೆ ನಮ್ಮದೇನೂ ಅಡ್ಡಿ ಇಲ್ಲ.'

೫. ಎಮ್ಮೆ ಖರೇ

ಆ ಕಾರ್ಡಿಗೆ ನಕ್ಕದ್ದು ಒಂದು ದಿನ ಮಾತ್ರ. ಮರುದಿನ ಹಿರಿಯರು ನಮ್ಮ ಪಡಸಾಲೆಯಲ್ಲಿ ಕೂಡಿದರು. ಮಠದ ಅಯ್ಯನವರು, ಪಾಟೀಲರು, ಇನ್ನೂ ಇಬ್ಬರು. ಒಂದೇ ಅಡ್ಡಹೆಸರಿನವರು ಅಣ್ಣತಮ್ಮಂದಿರು. ಅವರೊಳಗೆ ಹೆಣ್ಣು ಕೊಟ್ಟು ತರುವುದು ನಮ್ಮಲ್ಲಿ ಇಲ್ಲ. ಮಜ್ಜಿಗಿಯ ಹೆಣ್ಣು ಮಜ್ಜಿಗಿಯ ಗಂಡಿಗೆ ಹೇಗೆ? ಇದು ಅವರ ಪ್ರಶ್ನೆ. ನನ್ನ ಮಗಳು ಬಾಗಿಲ ಮರೆಯಲ್ಲಿ ನಿಂತದ್ದು ನನಗೆ ಗೊತ್ತಿತ್ತು. ನಸುಕಿನಿಂದ ಆಕೆ ತುತ್ತು ಬಾಯಿಗೆ ಹಾಕಿರಲಿಲ್ಲ.

ಮಂಗಳವೇಢೆಯ ಗೃಹಸ್ಥ ಕೈಮುಗಿದು ಹೇಳಿದ, "ನಾ ಇವರ ಅಣ್ಣತಮ್ಮ ಅಲ್ರಿ. ನಮ್ಮೂರಾಗ ನಮಗ ಹೊಳೀ ದಂಡೀ ಮನಿಯವರು ಅಂತಿದ್ರು. ಗಿರಣೀ ಬಾಗಿಲದಾಗ ಇವರ ತಮ್ಮ ನನಗ ಹೆಸರ ಕೊಟ್ಟ. ಇಸಕೊಂಡ ಹೆಸರ್ರಿ ಇದು."

ನನ್ನ ತಮ್ಮನೂ ಬಂದಿದ್ದ. ಅವನು ಹೌದು ಎಂದು ತಲೆಯಾಡಿಸಿದ.

ಪಾಟೀಲರು ಒಪ್ಪಲಿಲ್ಲ. "ಹಡದವ್ವನ ಮಣ್ಣಾಗ ನೀ ಅತ್ತದ್ದನ್ನ ಊರೆಲ್ಲಾ ನೋಡೇತಿ. ನಮ್ಮವ್ವ ಹ್ವಾದಾಗ ನಾನೂ ಹಂಗ ಅತ್ತಿಲ್ಲ. ಅಣ್ಣತಮ್ಮ ಅಲ್ಲಂದ್ರ ಆ ಅಳು ಸುಳ್ಳೇನು?"

ಆ ಮನುಷ್ಯ ಇಕ್ಕಟ್ಟಿಗೆ ಸಿಕ್ಕ. ಸುಳ್ಳು ಎಂದರೆ ಸತ್ತವಳಿಗೆ ಅವಮಾನ; ಖರೆ ಎಂದರೆ ಮಗನ ಲಗ್ನ ಮುರಿದಂತೆ. ತಲೆ ತಗ್ಗಿಸಿಕೊಂಡೇ ಹೇಳಿದ:

"ನಮ್ಮವ್ವ ಹ್ವಾದಾಗ ನಾ ಗಿರಣೀ ಬಾಗಿಲದಾಗ ನಿಂತಿದ್ನಿರಿ. ಕೆಲಸಿಲ್ಲ, ಗುರುತಿನವರಿಲ್ಲ. ಸುದ್ದಿ ಬಂದಾಗ ಹನ್ನೆರಡ ದಿನಾ ಆಗಿತ್ತು. ಆಕೀಗೆ ನಾ ಒಂದ ಹಿಡಿ ಮಣ್ಣ ಕೊಡಲಿಲ್ಲ. ಇಲ್ಲೆ ಕೊಟ್ಟೆ. ಅಳು ಖರೇರಿ. ಅಣ್ಣತಮ್ಮಕಿ ಸುಳ್ಳು."

ಪಾಟೀಲರು ಧೋತರದ ಚುಂಗಿನಿಂದ ಮೂಗು ಒರೆಸಿಕೊಂಡು, "ನನಗೇನ ಅಡ್ಡಿಲ್ಲ," ಎಂದರು.

ಅಯ್ಯನವರು ಮಾತ್ರ ಶಾಸ್ತ್ರ ಬಲ್ಲವರು, ಅವಸರ ಮಾಡುವವರಲ್ಲ. "ಆದ್ರ ಈ ಮನೀ ಹಿರೀಕಿ ಇಷ್ಟ ವರ್ಷ ಊರಿಗೆಲ್ಲಾ ಹೇಳಿಕೋತ ಬಂದಾಳಲ್ಲ? ಮುತ್ಯಾನ ಅಣ್ಣ ಮಂಗಳವೇಢೆಗೆ ಹ್ವಾದ ಅಂತ? ಅದರದೇನು?" ಎಂದು ಅತ್ತೆಯ ಕಡೆ ತಿರುಗಿದರು.

ಅತ್ತೆ ಕಂಬಕ್ಕೆ ಆತು ಕುಳಿತಿದ್ದಳು. ಆಕೆಯ ಕಷ್ಟ ನನಗೆ ಅರ್ಥವಾಗುತ್ತಿತ್ತು. ಒಂಟಿ ಮನೆ ಹನ್ನೆರಡು ಮನೆಯಾದದ್ದು, ಸೋಲಾಪುರದವರೆಗೆ ಹಬ್ಬಿದ್ದು, ಇದೆಲ್ಲ ಆ ಅಣ್ಣನ ಪುಣ್ಯವೆಂದು ಆಕೆ ನಂಬಿಸಿದ್ದಳು, ಸ್ವತಃ ನಂಬಿಯೂ ಇದ್ದಳು. ಆ ಅಣ್ಣ ಹೋದರೆ ಮಜ್ಜಿಗಿ ಮತ್ತೆ ಒಂಟಿ ಮನೆಯೇ.

ಆಗ ಬಾಗಿಲ ಮರೆಯಿಂದ ನನ್ನ ಮಗಳ ದನಿ ಬಂತು. "ಆಯೀ, ನಾ ಸಣ್ಣಾಕಿ ಇದ್ದಾಗ ಆ ಮುತ್ಯಾ ಬಾರ್ಸಿಗೆ ಹೋಗಿದ್ದನಲ್ಲ?"

ಅತ್ತೆ ಸೆರಗು ಸರಿಮಾಡಿಕೊಂಡಳು. ಬಾಗಿಲ ಕಡೆಗೊಮ್ಮೆ, ದೇವರ ಮಾಡದ ಕಡೆಗೊಮ್ಮೆ ನೋಡಿದಳು.

"ಬಾರ್ಸಿಗೂ ಹೋಗಿಲ್ಲ, ಎಲ್ಲೂ ಹೋಗಿಲ್ಲ. ಮುತ್ಯಾಗ ಅಣ್ಣನ ಇರಲಿಲ್ಲ. ಮಂದಿ 'ಒಂಟಿ ಮನಿ, ಒಂಟಿ ಮನಿ' ಅಂದಾಗ ನನ್ನ ಕರಳ ಚುರ್ ಅಂತಿತ್ತು. ಅದಕ್ಕ ಒಬ್ಬ ಅಣ್ಣನ್ನ ನಾನ ಹುಟ್ಟಿಸಿದೆ. ಆತಿಲ್ಲೋ? ಈಗ ಅವನ್ನ ನಾನ ಮಣ್ಣಿಗೆ ಇಡತೀನಿ. ಹುಡಿಗೀನ್ನ ಕೊಡ್ರಿ."

ಅಯ್ಯನವರು ಬೆರಳು ಮಡಚಿ ಲೆಕ್ಕ ಹಾಕಿದರು. ಎಲ್ಲ ಸರಿಹೋದರೂ ಅವರಿಗೆ ಒಂದು ಮಾತ್ರ ಬಗೆಹರಿಯಲಿಲ್ಲ.

"ಹಂಗಾರ ಆ ಎಮ್ಮಿ?"

"ಎಮ್ಮಿ ಖರೇರಿ ಅಯ್ಯನವರ," ಎಂದಳು ಅತ್ತೆ. "ಅದು ತಾನ ಹೋತು."

೬. ಹೆಸರು ಹೇಳಲಾರದವರು

ಲಗ್ನದ ದಿನ, "ಗಂ‌ಡಿನ ಕಡೆಯ ಮಜ್ಜಿಗಿಯವರು ಮೊದಲನೇ ಪಂಕ್ತಿಗೆ ಬರ್ರಿ" ಎಂದು ಕೂಗಿದ್ದೇ ತಪ್ಪಾಯಿತು. ಹೆಣ್ಣಿನ ಕಡೆಯ ಮಜ್ಜಿಗಿಯವರೂ ಹೋಗಿ ಕುಳಿತರು. ಬಡಿಸಲು ಉಳಿದವರು ಪಾಟೀಲರೊಬ್ಬರೇ. ಅವರು ಸಾರಿನ ಬಕೀಟು ಹಿಡಿದು, "ಅಂತೂ ನಾ ಪಾಟೀಲ ಆಗಿ ಉಳದದ್ದು ಇವತ್ತ ಉಪಯೋಗ ಬಂತು," ಎಂದು ಬಹಳ ಸಂತೋಷದಿಂದ ಓಡಾಡಿದರು.

ಆದರೆ ಎಲ್ಲದಕ್ಕಿಂತ ದೊಡ್ಡ ಫಜೀತಿ ಆಮೇಲೆ ಆಯಿತು. ಸರಕಾರದವರು ಮನೆಮನೆಗೆ ತಿರುಗಿ ಜನರನ್ನು ಎಣಿಸುವ ಖಾನೇಸುಮಾರಿ ಬಂದ ವರ್ಷ. ಮಗಳನ್ನು ನೋಡಿ ಬರಲೆಂದು ನಾನು ಮತ್ತು ಅತ್ತೆ ಸೋಲಾಪುರಕ್ಕೆ ಹೋಗಿದ್ದೆವು. ನಾವು ಚಾಳು ಮುಟ್ಟುವ ಮೊದಲೇ ಎಣಿಸುವ ಕಾರಕೂನ ಮಗಳ ಬಾಗಿಲಿಗೆ ಬಂದಿದ್ದ. ಮನೆಯಲ್ಲಿ ಆಕೆ ಒಬ್ಬಳೇ. ನಾವು ಬರುವ ಮೊದಲು ಆದದ್ದನ್ನು ಆಮೇಲೆ ಆಕೆಯೇ ನಮಗೆ ಹೇಳಿದಳು.

"ಯಜಮಾನರ ಹೆಸರೇನವಾ?"

ಗಂಡನ ಹೆಸರು ಹೆಂಡತಿ ಬಾಯಲ್ಲಿ ತರುವುದುಂಟೇ? ಮಗಳು ಸೆರಗು ಬಾಯಿಗೆ ಹಿಡಿದಳು. ಕಾರಕೂನನಿಗೆ ಇದು ಹೊಸದಲ್ಲ.

"ಇರಲಿ, ಅದನ್ನ ಮಂದೀನ್ನ ಕೇಳತೀನಿ. ಅಡ್ಡಹೆಸರ ಹೇಳು."

ಅದೂ ಗಂಡನದೇ. ಮಗಳು ಸೆರಗನ್ನು ಇನ್ನೂ ಬಿಗಿ ಹಿಡಿದಳು.

"ಬ್ಯಾಡ ಬಿಡು. ನಿನ್ನ ತವರಮನೀದು ಹೇಳು, ಗುರತರ ಸಿಗತೇತಿ. ಅಪ್ಪನ ಅಡ್ಡಹೆಸರ ಹೇಳಾಕೇನ ನಾಚಿಗಿ?"

ಮಗಳು ಇನ್ನೂ ಕೆಂಪಾದಳು. ನಮ್ಮ ಸುತ್ತಿನಲ್ಲಿ ಇಂಥ ಕಷ್ಟ ಬಂದ ಮೊದಲ ಹೆಣ್ಣು ಆಕೆಯೇ ಇರಬೇಕು. ತಂದೆಯ ಹೆಸರು ಹೇಳಿದರೂ ಗಂಡನ ಹೆಸರೇ ಬರುತ್ತದೆ!

ಜಾಣೆ, ಉಪಾಯ ಹುಡುಕಿದಳು. ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಅವನ ಮುಂದಿಟ್ಟು, ಅದರ ಕಡೆಗೆ ಬೆರಳು ಮಾಡಿದಳು. ಕಾರಕೂನ ಬಿಸಿಲಲ್ಲಿ ತಿರುಗಿ ಬಂದವನು. ಗಟಗಟನೆ ಕುಡಿದು, ಮೀಸೆ ಒರೆಸಿಕೊಂಡು, "ಭಾಳ ಚಲೋ ಆತು ತಂಗಿ. ಈಗ ಹೆಸರ ಹೇಳು," ಎಂದ.

ಆಕೆ ಎರಡನೆಯ ಲೋಟ ತಂದಳು. ಎರಡೂ ಕೈಯಿಂದ ತೋರಿಸಿದಳು. "ಒತ್ತಾಯ ಮಾಡತಿ ಅಂತ ಕುಡೀತೀನಿ," ಎಂದು ಅವನು ಅದನ್ನೂ ಕುಡಿದ.

ನಾವು ಮೆಟ್ಟಿಲು ಹತ್ತುವ ಹೊತ್ತಿಗೆ ಕಾರಕೂನ ಪಕ್ಕದ ಬಾಗಿಲಲ್ಲಿ ನಿಂತಿದ್ದ. "ಅವ್ವಾರ, ಈ ಬಾಜೂ ಮನಿಯವರ ಅಡ್ಡಹೆಸರ ಏನ್ರಿ?" ಆ ಹೆಂಗಸು ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದಳು. ಆಕೆಯ ಗಂಡನದೂ ಅದೇ ಅಡ್ಡಹೆಸರು! ಆಚೆಯ ಬಾಗಿಲಿಗೆ ಹೋದ, ಅಲ್ಲಿಯೂ ಹಾಗೆಯೇ. ಸಾಲಿನಲ್ಲಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಸೆರಗು ಕಚ್ಚಿ ಗೋಡೆಗೆ ಮುಖ ಮಾಡಿ ನಿಂತರು. ಕಾರಕೂನ ತನ್ನ ಮೈ ತಾನೇ ನೋಡಿಕೊಂಡ, ಎಲ್ಲಿಯಾದರೂ ಅಂಗಿ ಹರಿದಿದೆಯೋ ಎಂದು. ಅಷ್ಟರಲ್ಲಿ ನನ್ನ ಮಗಳು, ಇನ್ನೂ ಆಸೆ ಬಿಡದೆ, ಮೂರನೆಯ ಲೋಟ ಹಿಡಿದು ಅವನ ಹಿಂದೆ ಬರುತ್ತಿದ್ದಳು.

ಅವನು ನಮ್ಮನ್ನು ಕಂಡು ಅಳುವ ದನಿಯಲ್ಲಿ ಹೇಳಿದ, "ಅಜ್ಜೀ, ಈ ಚಾಳದಾಗ ಹೆಸರ ಹೇಳಾವರು ಒಬ್ಬರೂ ಇಲ್ಲೇನ್ರಿ?"

ಅತ್ತೆಗೆ ಅದು ತವರಿನ ಹೆಸರು; ಹೇಳಲು ಯಾವ ಅಡ್ಡಿಯೂ ಇಲ್ಲ. ಒಂದೇ ಮನೆಯ ಹೆಸರು ಉಳಿಯಲೆಂದು ಇಷ್ಟು ವರ್ಷ ದೀಪ ಹಚ್ಚಿದವಳು. ಆಕೆ ಸೊಂಟಕ್ಕೆ ಕೈ ಕೊಟ್ಟು, ಚಾಳಿನ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಕೂಗಿದಳು:

"ಮಜ್ಜಿಗಿ!"

ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಗಂಡಸರೆಲ್ಲ ಎದ್ದು ಬಂದರು. ಒಮ್ಮೆಲೇ ಏಳು ಬಾಗಿಲು ತೆರೆದವು. "ಯಾಕ್ರೀ, ಕರದ್ರೇನು?"

ಕಾರಕೂನ ಆ ಏಳು ಬಾಗಿಲು ನೋಡಿದ, ಮಗಳ ಕೈಯ ಲೋಟ ನೋಡಿದ, ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆಯೇ ಕುಳಿತ. "ಸಾವಕಾಶ ಬರಕೋತೀನ್ರಿ. ಆದ್ರ ಮನಿಗೊಂದ ಲೋಟ ಅಂದ್ರ ನಾ ಉಳಿಯೂದಿಲ್ಲ."

ಅಂದು ಸಂಜೆ ಅತ್ತೆ ಮಗಳ ಮನೆಯ ದೇವರಿಗೆ ದೀಪ ಹಚ್ಚಿದಳು. ಗಡಿಗೆಯ ತಳದ ಮಾತು ಎತ್ತಲಿಲ್ಲ.

ಓದಿದವರಲ್ಲಿ ಒಂದು ವಿನಂತಿ. ನಿಮ್ಮ ಕಡೆ ಎಲ್ಲಿಯಾದರೂ ಮಜ್ಜಿಗಿ ಎಂಬ ಅಡ್ಡಹೆಸರಿನವರು ಸಿಕ್ಕರೆ, ಅವರು ಹುಟ್ಟಿನಿಂದ ಮಜ್ಜಿಗಿಯೋ ಸಾಲೆಯ ಪುಸ್ತಕದಿಂದಲೋ ಗಿರಣಿಯ ಬಾಗಿಲಿನಿಂದಲೋ ಎಂದು ಕೇಳಬೇಡಿರಿ. ಕೂಡಿಸಿ, ತಣ್ಣಗೆ ಏನಾದರೂ ಕುಡಿಯಲು ಕೊಟ್ಟು, ಈ ಕಥೆ ಹೇಳಿರಿ. ಅವರೂ ಇನ್ನೊಬ್ಬರಿಗೆ ಹೇಳಲಿ. ಮತ್ತು ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದು, ಎಡಗೊಂಬು ಒಳಕ್ಕೆ ಬಾಗಿದ ಎಮ್ಮೆಯ ತಳಿ ಎಲ್ಲಿಯಾದರೂ ಕಂಡರೆ ಮಾತ್ರ ದಯವಿಟ್ಟು ನಮಗೆ ತಿಳಿಸಿರಿ. ಅದು ನಮ್ಮ ಖಾಸಾ ರಕ್ತಸಂಬಂಧ.